ಬೆನ್ನಬರಹ

ಜನವರಿಯ ಚಳಿಗೆ ಹೆದರಿ
ಕಡಲಹಸುಗಳು ಬುಗ್ಗೆಗೆ ಬಂದಿವೆ.
ಫ್ಲಾರಿಡಾದ ಈ ಮೂಲೆಯಲ್ಲಿ ನೆಲದೊಳಗಿನಿಂದ
ವರ್ಷವಿಡೀ ಒಂದೇ ಬೆಚ್ಚಗೆ ನೀರು.
ಬೂದಿಮೂಟೆಗಳ ಹಾಗೆ ತಳದಲ್ಲಿ ಬಿದ್ದುಕೊಂಡು
ಆಗೀಗ ಒಂದು ಮೇಲೆದ್ದು, ಫುಸ್ಸೆಂದು ಉಸಿರು ಬಿಟ್ಟು
ಮತ್ತೆ ಮುಳುಗುತ್ತದೆ.

ನಾನು ಹಲಗೆಸೇತುವೆಯ ಮೇಲೆ ಹೊಟ್ಟೆಯೂರಿ ಮಲಗಿದ್ದೇನೆ.
ಆಯೋಗ ಕೊಟ್ಟ ಅಂಗಿ, ತುದಿ ಕಚ್ಚಿದ ಪೆನ್ಸಿಲು,
ಅಚ್ಚುಹಾಕಿಸಿದ ಹಾಳೆ: ಮೇಲಿನಿಂದ ಕಂಡ ಹಸು,
ಬರೀ ಅಂಚುಗೆರೆ, ಖಾಲಿ ಬೆನ್ನು.
ತುಂಬುವುದು ನನ್ನ ಕೆಲಸ.

ಎಡಭುಜದಲ್ಲಿ ಬಾಚಣಿಗೆ ಎಳೆದಂತೆ ಏಳು ಗೀರು:
ಮೋಟಾರಿನ ರೆಕ್ಕೆ.
ಉದ್ದಕ್ಕೂ ಒಂದೇ ಬಿಳಿ ಪಟ್ಟೆ: ದೋಣಿಯ ಹೊಟ್ಟೆ ತರಚಿದ್ದು.
ಬಾಲದಂಚಿನಲ್ಲಿ ಕಚ್ಚಿ ತೆಗೆದ ರೊಟ್ಟಿಯಂಥ ಖಾಲಿ.
ಕೈಬುಡದಲ್ಲಿ ಏಡಿಬುಟ್ಟಿಯ ಹಗ್ಗ ಕೊರೆದ ಬಳೆ.
ಮನುಷ್ಯರಿಗೆ ಹಣೆಯಲ್ಲಿ ಬರೆದಿರುತ್ತದಂತೆ,
ಓದಿದವರಿಲ್ಲ.
ಇವಕ್ಕೆ ಬೆನ್ನಿನಲ್ಲಿ. ಬರೆದವರು ನಾವೇ.
ಓದಲಿಕ್ಕೆ ತಿಂಗಳ ಸಂಬಳಕ್ಕೆ ನಾನು.

ಕೆಲಸ ಕಲಿಸಿದ ಓರ್ವಿಲ್ ಟೂಟೆನ್
ಹೇಳಿದ್ದು ಒಂದೇ ಮಾತು:
'ಗಾಯ ಇಲ್ಲದ್ದಕ್ಕೆ ನಂಬರಿಲ್ಲ, ಮಗಳೇ.
ನುಣ್ಣಗಿರೋದು ನೂರು ಸಲ ಬಂದರೂ
ನೂರು ಸಲವೂ ಹೊಸಬ.'
ನಾನು ನಕ್ಕಿದ್ದೆ. ಅವನು ನಗಲಿಲ್ಲ.

ಆಯೋಗದ ಸಭೆ ಹೋಟೆಲೊಂದರ ತಣ್ಣನೆ ಹಾಲಿನಲ್ಲಿ.
ಏಳು ಕುರ್ಚಿ, ಏಳು ನೀರಿನ ಬಾಟಲಿ,
ಮಾತಾಡುವವರಿಗೆ ತಲಾ ಮೂರು ನಿಮಿಷ,
ಹಸಿರು, ಹಳದಿ, ಕೆಂಪು ದೀಪ.
ವಿಷಯ: ನದೀಮುಖದಲ್ಲಿ ದೋಣಿಗಳ ವೇಗ.
ಮೀನುಗೈಡ್ ಡ್ವೇನ್ ಪ್ಯಾಜೆಟ್ ಟೋಪಿ ತೆಗೆದು ನಿಂತ.
'ನಿಧಾನ, ನಿಧಾನ ಅಂತೀರಿ.
ಮೀನಿರೋ ಜಾಗಕ್ಕೆ ಮುಟ್ಟೋ ಹೊತ್ತಿಗೆ ಹೊತ್ತು ನೆತ್ತಿಗೆ.
ನನ್ನ ಮನೆಸಾಲದ ಕಂತು ನೀವು ಕಟ್ಟುತ್ತೀರಾ?'
ಅವನು ಹೇಳಿದ್ದು ಸುಳ್ಳೇನಲ್ಲ.
ಹತ್ತು ವರ್ಷದ ಹುಡುಗಿಯೊಬ್ಬಳು ಬಣ್ಣದ ಚಿತ್ರ ಎತ್ತಿ ಹಿಡಿದಳು;
'ದಯವಿಟ್ಟು' ಅನ್ನುವಲ್ಲಿ ಕೆಂಪು ಬಿತ್ತು.
ನಾನು ನನ್ನ ಹಾಳೆಗಳನ್ನು ತೋರಿಸಿದೆ.
ನಿರ್ಧಾರ ಮುಂದಿನ ಸಭೆಗೆ ಹೋಯಿತು.

ಮಾರ್ಚಿನಲ್ಲಿ ಫೋನು. ಒಂದು ಸತ್ತಿದೆ, ತೇಲುತ್ತಿದೆ.
ಫೋನು ಮಾಡಿದವನು ಪ್ಯಾಜೆಟ್.
ಬಾಲಕ್ಕೆ ಹಗ್ಗ ಕಟ್ಟಿ, ದಡದವರೆಗೆ
ಅವನೇ ಎಳೆದು ತಂದ,
ನಮ್ಮ ಯಾವ ಫಲಕವೂ ಕೇಳದಷ್ಟು ನಿಧಾನ.
ಆ ದಿನದ ಗಿರಾಕಿಗಳು ದೋಣಿಯ ಮೂಲೆಯಲ್ಲಿ
ಗಾಳವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು.

'ಯಾವುದಿದು?' ಅಂದ. 'ನಿನಗೆ ಗೊತ್ತಿರುತ್ತಲ್ಲ.'

ನಾನು ತೊಳೆದೆ, ತಿರುಗಿಸಿದೆ, ಮತ್ತೆ ತೊಳೆದೆ.
ಒಂದು ಗೀರಿಲ್ಲ.
ಕೊಳವೆಯ ನೀರು ಆ ಬೆನ್ನಿನ ಮೇಲೆ
ಎಲ್ಲೂ ತಡೆಯದೆ ಜಾರಿತು.
'ಗೊತ್ತಿಲ್ಲ' ಅಂದೆ. ಅವನು ನನ್ನನ್ನೇ ನೋಡಿದ.
ಟೋಪಿ ಕೈಯಲ್ಲೇ ಇತ್ತು.

ಕೊಯ್ದಾಗ ಕಂಡಿತು: ಒಳಗೆ ಪಕ್ಕೆಲುಬು ನಾಲ್ಕು ಮುರಿದಿದ್ದವು.
ಚರ್ಮ ಯಾರಿಗೂ ಹೇಳಿರಲಿಲ್ಲ.
ಕಿವಿಯ ಮೂಳೆ ಸೀಳಿ ಮರದಂತೆ ಉಂಗುರ ಎಣಿಸಿದರು,
ಹದಿನೆಂಟು.
ಹದಿನೆಂಟು ಚಳಿಗಾಲ ನನ್ನ ಹಲಗೆಯ ಕೆಳಗೇ
ಬಂದು ಹೋಗಿರಬಹುದು, ಪ್ರತಿ ಸಲ ಹೊಸಬನಾಗಿ.
ಅವತ್ತು ಅದಕ್ಕೊಂದು ನಂಬರು ಬಿತ್ತು.

ಈಗ ನುಣ್ಣಗಿರುವುದನ್ನೂ ಬರೆಯುತ್ತೇನೆ.
ನಿಯಮದಲ್ಲಿಲ್ಲ, ಪ್ರತ್ಯೇಕ ಪುಸ್ತಕ,
ನನ್ನದೇ ದುಡ್ಡಿನದು.
ಮೂತಿಯ ಮೀಸೆ, ಉಸಿರಿನ ನಡುವಿನ ನಿಮಿಷ,
ಬೆನ್ನಿಗೆ ಹತ್ತಿದ ಪಾಚಿಯ ಆಕಾರ:
ಒಂದರ ಮೇಲೆ ಕೊಡೆಯಂತೆ, ಇನ್ನೊಂದರ ಮೇಲೆ
ಯಾರೋ ಚೆಲ್ಲಿದ ಚಹಾದಂತೆ.
ಪಾಚಿ ನಾಲ್ಕು ದಿನಕ್ಕೆ ತೊಳೆದುಹೋಗುತ್ತದೆ, ಗೊತ್ತು.
ಐದನೆಯ ದಿನ ಮತ್ತೆ ಮಲಗುತ್ತೇನೆ,
ಹಲಗೆಯ ಮೇಲೆ, ಹೊಟ್ಟೆಯೂರಿ.